ಹಾಯಿ ಬಿಗಿದ ಗುತ್ಯಮ್ಮ

ಗುತ್ಯಮ್ಮ ಹಾಯಿ ಹಿಡಿದದ್ದು ಆಸೆಪಟ್ಟಲ್ಲ. ಗಂಡ ಜಟ್ಟಿಂಗಪ್ಪನ ಬಲಗೈ ಭುಜದಿಂದ ಮೇಲೆ ಏಳದಂತಾಯಿತು. ದೋಣಿ ನಡೆಸುವುದಕ್ಕೆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಹಾಗಾಗಿ ಹಿಡಿದಳು.

ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದು ಶರಾವತಿ ಹಿಂದಕ್ಕೆ ನಿಂತ ವರ್ಷ ಅವರ ಗದ್ದೆ, ಕಣ, ಕೊಟ್ಟಿಗೆ ಎಲ್ಲ ನೀರಿನಡಿಗೆ ಹೋದವು. ಬದಲಿಗೆ ಆನಂದಪುರದಾಚೆ ಒಂದು ದಿಣ್ಣೆಯಲ್ಲಿ ಜಾಗ ಸಿಕ್ಕಿತು. ಗಂಡಹೆಂಡತಿ ಸೇರಿ ಅಲ್ಲಿ ಬಾವಿ ತೋಡಿದರು. ಅಗೆದಷ್ಟೂ ಕಲ್ಲು ಬಂತು. ಬೇಸಿಗೆ ಪೂರ್ತಿ ದೂರದ ಹಳ್ಳದಿಂದ ಕೊಡ ಹೊತ್ತು ಸಾಕಾದ ಮೇಲೆ ಗುತ್ಯಮ್ಮ ಒಂದು ಸಂಜೆ ಕೊಡ ಇಳಿಸಿ, "ಇಲ್ಲಿ ಕುಡಿಯಕ್ಕೆ ನೀರಿಲ್ಲ. ಅಲ್ಲಿ ಊರು ಮುಳುಗೋ ಅಷ್ಟು ನೀರಿದೆ. ಅಲ್ಲಿಗೇ ಹೋಗಾಣ" ಅಂದಳು. ಜಟ್ಟಿಂಗಪ್ಪ ಗಂಟು ಕಟ್ಟಿದ. ಅವನಿಗೂ ಸಾಕಾಗಿತ್ತು.

ಹಿನ್ನೀರಿನ ದಂಡೆಯಲ್ಲಿ ಕಲ್ಕೊಪ್ಪ ಎಂಬ ಗುಡ್ಡದ ಬುಡಕ್ಕೆ ಬಂದು ಗುಡಿಸಲು ಹಾಕಿಕೊಂಡರು. ಆಗ ಆ ಕಡೆಯ ಊರುಗಳ ಪಾಡು ವಿಚಿತ್ರವಾಗಿತ್ತು. ಮೊನ್ನೆಮೊನ್ನೆಯವರೆಗೆ ಗದ್ದೆಯ ಬದುವಿನ ಮೇಲೆ ನಡೆದು ಹೋಗುತ್ತಿದ್ದ ನೆಂಟರ ಮನೆಗೆ ಈಗ ನೀರು ದಾಟಿ ಹೋಗಬೇಕು. ಸಾಗರದ ಸಂತೆಗೂ ಅಷ್ಟೆ, ಇಲ್ಲವೆಂದರೆ ಹೊಸನಗರದ ಕಡೆಯಿಂದ ಸುತ್ತಿ ಬರಬೇಕು. ಇದನ್ನು ನೋಡಿಯೇ ಜಟ್ಟಿಂಗಪ್ಪ ಕಲ್ಕೊಪ್ಪದಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಕಡವು ಶುರುಮಾಡಿದ. ದೋಣಿ ಕಟ್ಟಿಕೊಟ್ಟವನು ಮಾಸ್ತಪ್ಪ. ಹೊನ್ನಾವರದ ಕಡೆಯ ದೋಣಿ ಬಡಗಿ. ಘಟ್ಟದ ಮೇಲೆ ಹೊಸದಾಗಿ ನೀರು ನಿಂತಿದೆ, ಕೆಲಸ ಸಿಗುತ್ತದೆ ಎಂದು ಕೇಳಿ ಉಳಿ, ಬಾಚಿ ಕಟ್ಟಿಕೊಂಡು ಬಂದಿದ್ದ.

ಎರಡು ಮಳೆಗಾಲ ಜಟ್ಟಿಂಗಪ್ಪ ಹುಟ್ಟು ಹಾಕಿದ. ಬೆಳಿಗ್ಗೆ ನೀರು ಕನ್ನಡಿಯ ಹಾಗೆ ಇರುತ್ತಿತ್ತು, ಕಷ್ಟವಿರಲಿಲ್ಲ. ಮಧ್ಯಾಹ್ನದ ಮೇಲೆ ಪಡುವಣದಿಂದ ಗಾಳಿ ಏಳುತ್ತಿತ್ತು. ಹತ್ತು ಸಲ ಹುಟ್ಟು ಎಳೆದರೆ ಐದು ಸಲದ್ದನ್ನು ಗಾಳಿ ಹಿಂದಕ್ಕೆ ತಳ್ಳುತ್ತಿತ್ತು. ಗದ್ದೆ ಕೆಲಸದ ಮೈ ಅದು, ಬಗ್ಗುವುದು ಗೊತ್ತಿತ್ತು, ಎಳೆಯುವುದು ಗೊತ್ತಿರಲಿಲ್ಲ. ಮೊದಲು ರಾತ್ರಿ ನೋವು, ಆಮೇಲೆ ಹಗಲೂ ನೋವು. ತೀರ್ಥಹಳ್ಳಿ ಕಡೆಯ ನಾಟಿ ವೈದ್ಯನ ಎಣ್ಣೆ ತಿಕ್ಕಿಸಿದ್ದಾಯಿತು, ಕಟ್ಟು ಹಾಕಿಸಿದ್ದಾಯಿತು. ಕೊನೆಗೆ ಅವನ ಕೈ ಅನ್ನದ ತಟ್ಟೆಯಿಂದ ಬಾಯಿಯವರೆಗೆ ಬರುವುದಕ್ಕೆ ಮಾತ್ರ ಒಪ್ಪಿತು.

ಗುತ್ಯಮ್ಮ ಹುಟ್ಟು ಹಿಡಿದಳು. ಬೇಗನೆ ಅವಳ ಅಂಗೈ ಸುಲಿಯಿತು. ಹೆಂಗಸು ನಡೆಸುವ ದೋಣಿ ಹತ್ತುವುದಿಲ್ಲ ಎಂದು ದಡದಲ್ಲೇ ನಿಂತವರಿದ್ದರು. ಸುತ್ತಿ ನಡೆದು ಹೋಗಿ ನೋಡಿದವರು ಮುಂದಿನ ಸಂತೆಗೆ ಬಂದು ಸುಮ್ಮನೆ ಹತ್ತಿದರು. ಅವರನ್ನು ಗೆದ್ದೆ ಎಂದು ಅವಳಿಗೇನೂ ಅನ್ನಿಸಲಿಲ್ಲ. ಹತ್ತುವವರು ಹೆಚ್ಚಿದಷ್ಟೂ ಎಳೆಯುವುದು ಹೆಚ್ಚು.

ಒಡೆದ ಹಲಗೆ ಸರಿಮಾಡಲು ಬಂದ ಮಾಸ್ತಪ್ಪ ಅವಳ ಅಂಗೈ ನೋಡಿದ.

"ತಂಗೀ, ಗಾಳಿ ಸಂಗ್ತಿಗೆ ಜಗಳ ಆಡಿ ಯಾರೂ ಗೆದ್ದದ್ದಿಲ್ಲ. ಹಾಯಿ ಕಟ್ಟುವ" ಅಂದ.

ಸಾಗರದ ಅಂಗಡಿಯಿಂದ ಕೋರಾ ಬಟ್ಟೆ ತಂದರು. ಮತ್ತಿ ತೊಗಟೆ ಕುದಿಸಿದ ನೀರಲ್ಲಿ ಅದ್ದಿ ಒಣಗಿಸಿದಾಗ ಬಟ್ಟೆ ಕಂದಾಯಿತು. ಮಾಸ್ತಪ್ಪ ಅದನ್ನು ಮೂರು ಮೂಲೆಯಾಗಿ ಹೊಲಿದ. ದೋಣಿಯ ಅಡಿಯಲ್ಲಿ ಉದ್ದಕ್ಕೆ ಒಂದು ಹಲಗೆ ಇಳಿಸಿದ, ಗಾಳಿಗೆ ಪಕ್ಕಕ್ಕೆ ಜಾರದಿರಲಿ ಅಂತ. ನಡುವೆ ಕಂಬ ನೆಟ್ಟು, ಕಂಬದ ಬುಡದಿಂದ ಹಿಂದಕ್ಕೆ ಒಂದು ಅಡ್ಡಬಿದಿರು ಕಟ್ಟಿದ. ಹಗ್ಗಗಳು ಮೂರು. ಹಾಯಿಯನ್ನು ಕಂಬಕ್ಕೆ ಏರಿಸುವ ಹಗ್ಗ ಒಂದು. ಅದರ ಕೆಳಗಿನ ಮೂಲೆಯನ್ನು ಬಿದಿರಿನ ತುದಿಗೆ ಎಳೆದು ಕಟ್ಟುವ ಮೂಲೆಹಗ್ಗ ಇನ್ನೊಂದು. ಬಿದಿರನ್ನೇ ಒಳಗೆ ಎಳೆಯುವುದಕ್ಕೆ, ಹೊರಗೆ ಬಿಡುವುದಕ್ಕೆ ಕೈಯಲ್ಲಿ ಹಿಡಿಯುವುದು ಮೂರನೆಯದು.

ಮೊದಲ ದಿನ ಗುತ್ಯಮ್ಮ ಎಲ್ಲವನ್ನೂ ಸೊಂಟದ ಬಲ ಹಾಕಿ ಬಿಗಿದಳು. ಅವಳ ಲೆಕ್ಕದಲ್ಲಿ ಯಾವುದೇ ಕಟ್ಟು ಬಿಗಿ ಇದ್ದಷ್ಟೂ ಒಳ್ಳೆಯದು, ಹುಲ್ಲಿನ ಹೊರೆಯಾಗಲಿ, ಸೌದೆಯ ಹೊರೆಯಾಗಲಿ. ಗಾಳಿ ಮೆಲ್ಲಗೆ ಬೀಸುತ್ತಿತ್ತು. ದೋಣಿ ಕದಲಲಿಲ್ಲ.

"ಅಂಗಾತ ಮಲ್ಕೊ" ಅಂದ ಮಾಸ್ತಪ್ಪ.

"ಎಂತಕ್ಕೆ?"

"ಮಲ್ಕೊಂಡು ಮೇಲೆ ನೋಡು."

ಅವಳು ದೋಣಿಯೊಳಗೆ ಅಂಗಾತ ಮಲಗಿ ಹಾಯಿಯನ್ನು ನೋಡಿದಳು. ಕಂಬದ ಉದ್ದಕ್ಕೆ ಬಟ್ಟೆಯಲ್ಲಿ ಒಂದು ಮಡಿಕೆ ನೆಟ್ಟಗೆ ನಿಂತಿತ್ತು, ಸೀರೆಯ ನೆರಿಗೆಯ ಹಾಗೆ.

"ಅದು ಏರುಹಗ್ಗ ಬಿಗಿ ಹೆಚ್ಚಾಯ್ತು ಅಂತ ಲೆಕ್ಕ" ಅಂದ ಅವನು. ಹಗ್ಗವನ್ನು ಚೂರುಚೂರೇ ಬಿಟ್ಟ. ಮಡಿಕೆ ಕರಗಿತು. ಇನ್ನೂ ಬಿಟ್ಟ. ಈಗ ಕಂಬದಿಂದ ಅಡ್ಡಡ್ಡವಾಗಿ ಸಣ್ಣ ಸುಕ್ಕುಗಳು ಹರಿದವು. "ಇದು ಸಡಿಲ ಆಯ್ತು ಅಂತ. ಗಾಳಿ ಇಲ್ಲದ ಹೊತ್ತಿಗೆ ಇಷ್ಟು ಸುಕ್ಕು ಇದ್ರೆ ಅಡ್ಡಿಲ್ಲ."

ಮೂಲೆಹಗ್ಗವನ್ನೂ ಬಿಟ್ಟ. ಹಾಯಿಗೆ ಹೊಟ್ಟೆ ಬಂತು. ದೋಣಿ ನಿದ್ದೆಯಿಂದೆದ್ದ ದನದ ಹಾಗೆ ನಿಧಾನ ಹೊರಟಿತು.

"ಸಣ್ಣ ಗಾಳಿಗೆ ಹೊಟ್ಟೆ ಬೇಕು. ದೊಡ್ಡ ಗಾಳಿಗೆ ಹೊಟ್ಟೆ ಬಿಟ್ಕೊಂಡು ಹೋದ್ರೆ ಕೆಟ್ಟೆ. ಆ ಹೊಟ್ಟೆ ಹಿಂದಕ್ಕೆ ಸರೀತದೆ, ದೋಣಿ ಮುಂದೆ ಹೋಗುದು ಬಿಟ್ಟು ಮಗ್ಗುಲಿಗೆ ಮಲಗ್ತದೆ. ಆವಾಗ ಏರುಹಗ್ಗನೂ ಬಿಗಿಬೇಕು, ಮೂಲೆನೂ ಬಿಗಿಬೇಕು, ಬಟ್ಟೆ ಹಲಗೆ ಆದಂಗೆ ಆಗಬೇಕು. ಮತ್ತೊಂದು ಮಾತು. ಹತ್ತಿ ಹಗ್ಗ ನೆನೆದ್ರೆ ಬಿಗೀತದೆ, ಒಣಗಿದ್ರೆ ಸಡಿಲ ಆಗ್ತದೆ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಬರುದಿಲ್ಲ. ಮತ್ತೆ ಎದ್ದು ನೋಡಬೇಕು."

"ಒಂದು ಸಲ ಕಟ್ಟಿದ್ರೆ ಆಗಾದಿಲ್ವಾ?"

"ಆಗುದಿಲ್ಲ."

ಅದೊಂದು ಉತ್ತರ ಅವಳಿಗೆ ಸೇರಲಿಲ್ಲ. ದಿನಕ್ಕೆ ಎಷ್ಟು ಕೆಲಸಕ್ಕೆ ಮತ್ತೆಮತ್ತೆ ಏಳಬೇಕು ಮನುಷ್ಯ. ಆದರೂ ಕಲಿತಳು. ನೀರಿನ ಮೇಲೆ ಕಪ್ಪು ತೇಪೆಯ ಹಾಗೆ ಓಡಿ ಬರುವ ಗಾಳಿಯನ್ನು ದೂರದಿಂದ ಗುರುತಿಸುವುದು, ಅದು ತಲುಪುವ ಮೊದಲು ಹಗ್ಗ ಬಿಗಿಯುವುದು, ದಾಟಿದ ಮೇಲೆ ಸಡಿಲಿಸುವುದು. ಜಟ್ಟಿಂಗಪ್ಪ ಗುಡಿಸಲಲ್ಲಿ ಒಂದು ಕೈಯಲ್ಲಿ ಗಂಜಿ ಬೇಯಿಸುವುದನ್ನು ಕಲಿತ. ಕಡವಿಗೆ ಬಂದವರು ಅದನ್ನು ನೋಡಿ ನಕ್ಕರೆ ಅವನೂ ನಗುತ್ತಿದ್ದ.

ಗುತ್ಯಮ್ಮನ ಅಣ್ಣ ಕನ್ನಪ್ಪ ಹಿನ್ನೀರಿನ ನಡುವೆ ಉಳಿದ ಒಂದು ಗುಡ್ಡೆಯ ಮೇಲಿದ್ದ. ಬೇಸಿಗೆಯಲ್ಲಿ ಅದು ಗುಡ್ಡೆಯಾಗಿಯೇ ಇರುತ್ತಿತ್ತು, ಮಳೆಗಾಲ ಬಂದ ಮೇಲೆ ದ್ವೀಪವಾಗುತ್ತಿತ್ತು. ಅಪ್ಪ ಕಟ್ಟಿಸಿದ ಹೆಂಚಿನ ಮನೆ ಬಿಟ್ಟು ಬರುವುದಿಲ್ಲ ಎಂದು ಅವನು ಹಟ ಹಿಡಿದಿದ್ದ. ಅರವತ್ತೇಳನೇ ಇಸವಿಯ ಭಾದ್ರಪದದಲ್ಲಿ ನೀರು ಅಂಗಳದ ಮೆಟ್ಟಿಲಿಗೆ ಬಂತು. ಅವನು ದಡದ ಮರಕ್ಕೆ ಕಟ್ಟಿದ್ದ ಸಣ್ಣ ಪಾತಿದೋಣಿಯಲ್ಲಿ ಕಲ್ಕೊಪ್ಪಕ್ಕೆ ಬಂದು ಜಗಲಿಯಲ್ಲಿ ಕೂತ.

"ಮನೆ ಬಿಚ್ತಾ ಇದೀನಿ" ಅಂದ. "ಸಾಗರದ ಕಡೆ ದಡದಾಗೆ ಜಾಗ ನೋಡಿದೀನಿ. ಹೊತ್ತು ಹಾಕ್ತೀಯಾ?"

"ಹಾಕ್ತೀನಿ" ಅಂದಳು. ಬೇರೆ ಏನು ಹೇಳುವುದು.

ಮನೆ ಹೊರುವುದೆಂದರೆ ಏನು ಎಂದು ಅವಳಿಗೆ ಆಮೇಲೆ ತಿಳಿಯಿತು. ತೊಲೆ, ಪಕಾಸಿ, ಕಿಟಕಿ, ಅಕ್ಕಿ ಕಣಜದ ಹಲಗೆ, ಒರಳುಕಲ್ಲು. ದಿನವೂ ಕಡವಿನ ಜನರನ್ನು ದಾಟಿಸಿ, ಬಿಡುವಿನಲ್ಲಿ ಗುಡ್ಡೆಗೆ ಹೋಗಿ ಮನೆಯ ಒಂದೊಂದು ತುಂಡು ತಂದು ಆಚೆ ದಡಕ್ಕೆ ಹಾಕುತ್ತಿದ್ದಳು. ಮಲಗಿದರೆ ದೋಣಿ ತೂಗುತ್ತಿರುವಂತೆಯೇ ಅನ್ನಿಸುತ್ತಿತ್ತು. ಎದ್ದರೆ ಮೊಣಕಾಲು ಬಾಗುತ್ತಿರಲಿಲ್ಲ. ಜಟ್ಟಿಂಗಪ್ಪ ಒಂದು ದಿನ, "ನಾಳೆ ಹೋಗಬ್ಯಾಡ, ಮನೆಯಾಗಿರು" ಅಂದ. "ನಾಳೆಗೆ ಮುಗೀತದೆ" ಅಂದಳು ಅವಳು.

ಕೊನೆಗೆ ಉಳಿದದ್ದು ಹೆಂಚು ಮತ್ತು ತಲೆಬಾಗಿಲು. ಅವತ್ತು ಬೆಳಿಗ್ಗೆ ಒಂದು ಸಣ್ಣ ಮಳೆ ಹೊಡೆದು ಹೋಗಿತ್ತು. ಗುತ್ಯಮ್ಮ ಗಾಳಿಯ ದಿನಕ್ಕೆ ಬೇಕಾದ ಹಾಗೆ ನೆನೆದ ಹಗ್ಗಗಳನ್ನು ಬಿಗಿದೇ ಹೊರಟಿದ್ದಳು. ಗುಡ್ಡೆಯಲ್ಲಿ ಹೆಂಚು ಜೋಡಿಸುವುದರೊಳಗೆ ಬಿಸಿಲು ನೆತ್ತಿಗೆ ಬಂತು. ಹೆಂಚಿನ ಸಾಲಿನ ಮೇಲೆ ಬಾಗಿಲನ್ನು ಮಲಗಿಸಿದರು. ಅದರ ಒಂದು ತುದಿ ದೋಣಿಯ ಅಂಚಿನಿಂದ ಹೊರಗೆ ಚಾಚಿಕೊಂಡಿತು. ಕನ್ನಪ್ಪ ಬಾಗಿಲ ಪಕ್ಕ ಕೂತ. ಅವನ ಹೆಂಡತಿ ಬಂಗಾರಮ್ಮ ಕಂಬದ ಬುಡದಲ್ಲಿ ಕೂತಳು, ಬಾಯಿಗೆ ಸೆರಗು ಹಿಡಿದು, ಹಿಂದೆ ತಿರುಗಿ ನೋಡದೆ.

ಹೊರಟ ಮೇಲೆ ಗುತ್ಯಮ್ಮ ಹಾಯಿಯ ಕಡೆ ಕಣ್ಣೆತ್ತಿದಳು. ಕಂಬದಿಂದ ಅಡ್ಡಡ್ಡ ಸುಕ್ಕು ಬಿದ್ದಿತ್ತು. ಹಗ್ಗ ಬಿಸಿಲಿಗೆ ಒಣಗಿ ಸಡಿಲಾಗಿದೆ, ಎದ್ದು ಬಿಗಿಯಬೇಕು ಎಂದು ಗೊತ್ತಾಯಿತು. ಬಿಗಿಯುವುದಕ್ಕೆ ಬಾಗಿಲು ದಾಟಿ, ಅತ್ತಿಗೆಯನ್ನು ಏಳಿಸಿ, ಕಂಬದ ಹತ್ತಿರ ಹೋಗಬೇಕು. ಗಾಳಿ ಮೆಲ್ಲಗಿತ್ತು. ಇರ್ಲಿ, ಒಂದು ಗಳಿಗೆ ಕೂತೇ ಹೋಗಾಣ ಅಂದುಕೊಂಡಳು. ಕೂತಳು.

ನಡುನೀರಲ್ಲಿ ಎರಡು ಗುಡ್ಡಗಳ ನಡುವಿನ ಸಂದಿಯಿಂದ ಗಾಳಿ ಬಂತು. ನೀರು ಕಪ್ಪಾಗುವುದನ್ನು ಅವಳು ನೋಡಿದಳು, ಆದರೆ ತಡವಾಗಿತ್ತು. ಸಡಿಲ ಹಾಯಿ ದೊಡ್ಡದಾಗಿ ಉಬ್ಬಿತು. ದೋಣಿ ವಾಲಿತು. ಹೆಂಚುಗಳು ಒಟ್ಟಾಗಿ ಕೆಳಮಗ್ಗುಲಿಗೆ ಜಾರಿದವು, ಅದಕ್ಕೆ ಇನ್ನಷ್ಟು ವಾಲಿತು, ಅಂಚಿನ ಮೇಲಿಂದ ನೀರು ಒಳಗೆ ಬಂತು. ಗುತ್ಯಮ್ಮ ಕೈಹಗ್ಗ ಬಿಟ್ಟುಬಿಟ್ಟಳು. ಬಿದಿರು ಹೊರಗೆ ತಿರುಗಿ ಗಾಳಿಯನ್ನು ಚೆಲ್ಲಬೇಕಿತ್ತು. ಅದು ಹೊರಚಾಚಿದ ಬಾಗಿಲಿಗೆ ಹೊಡೆದು ಅಲ್ಲೇ ನಿಂತಿತು.

"ಅಣ್ಣ, ಬಾಗ್ಲು" ಅಂದಳು.

ಕನ್ನಪ್ಪ ಎದ್ದು ಬಾಗಿಲನ್ನು ಎರಡೂ ಕೈಯಲ್ಲಿ ನೂಕಿದ. ಬಾಗಿಲು ನೀರಿಗೆ ಜಾರಿತು. ಬಿದಿರು ಬಿಡಿಸಿಕೊಂಡು ತಿರುಗಿತು, ದೋಣಿ ಒಮ್ಮೆಲೇ ನೆಟ್ಟಗಾಯಿತು. ಆ ಎಳೆತಕ್ಕೆ ಕನ್ನಪ್ಪನೂ ನೀರಿಗೆ ಬಿದ್ದ. ಮುಳುಗಿ ಎದ್ದು ಬಾಗಿಲ ಅಂಚು ಹಿಡಿದುಕೊಂಡ. ಗಾಳಿ ಅವನನ್ನೂ ಬಾಗಿಲನ್ನೂ ಮೂಡಣಕ್ಕೆ ತಳ್ಳಿಕೊಂಡು ಹೋಯಿತು, ಮುಳುಗಿದ ಕಾಡಿನ ಒಣಗಿದ ತಲೆಗಳು ನೀರಿನಿಂದ ಎದ್ದು ನಿಂತಿದ್ದ ಕಡೆಗೆ.

ಬಂಗಾರಮ್ಮ ಕೂಗಲಿಲ್ಲ. ಗಂಡ ಹೋಗುತ್ತಿದ್ದ ದಿಕ್ಕಿಗೇ ನೋಡುತ್ತ, "ಈಗ ಏನ್ ಮಾಡಾದು?" ಎಂದು ಕೇಳಿದಳು.

"ಹೆಂಚು ಎಸಿ ಅತ್ತಿಗೆ. ಈ ಮಗ್ಗುಲಲ್ಲಿರೋದನ್ನ ಎಲ್ಲ ಎಸಿ."

ಮೊದಲ ಹೆಂಚು ಎಸೆಯುವಾಗ ಬಂಗಾರಮ್ಮನ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಒಂದು ಕಡೆ ಅವಳು ತನ್ನ ಸೂರನ್ನು ನೀರಿಗೆ ಹಾಕುತ್ತಿದ್ದಳು, ಇನ್ನೊಂದು ಕಡೆ ಗುತ್ಯಮ್ಮ ಹಾಯಿ ಇಳಿಸಿ ಮರಿಗೆಯಿಂದ ನೀರು ಮೊಗೆಯುತ್ತಿದ್ದಳು. ದೋಣಿ ಹಗುರಾದ ಮೇಲೆ ಹಾಯಿ ಏರಿಸದೆ ಗಾಳಿಯ ಜೊತೆಗೇ ತೇಲಿ, ಹುಟ್ಟಿನಲ್ಲಿ ದಿಕ್ಕು ಹಿಡಿದು ಅಣ್ಣನ ಹತ್ತಿರ ಬಂದಳು. ಬಾಗಿಲು ಒಂದು ಒಣಮರದ ಕೊಂಬೆಗೆ ಒತ್ತಿ ನಿಂತಿತ್ತು. ಕನ್ನಪ್ಪನ ತುಟಿ ಬೆಳ್ಳಗಾಗಿತ್ತು. ಕೈ ಕೊಟ್ಟರೂ ಹಿಡಿಯಲಿಲ್ಲ.

"ಬಾಗ್ಲು ಎತ್ಕಳಿ ಮೊದ್ಲು" ಅಂದ.

"ಎತ್ತಕ್ಕೆ ಆಗಾದಿಲ್ಲ ಅಣ್ಣ. ಎಳ್ಕಂಡು ಹೋಗಕ್ಕೂ ಆಗಾದಿಲ್ಲ, ಗಾಳಿಗೆ ಎದುರು ಹೋಗಬೇಕು."

"ಹಂಗಾದ್ರೆ ನಾನೂ ಇಲ್ಲೇ ಇರ್ತೀನಿ."

ಬಂಗಾರಮ್ಮ ದೋಣಿಯಂಚಿಗೆ ಬಗ್ಗಿದಳು. "ಬಾಗ್ಲಿಗೆ ಇನ್ನೂ ಮನೆನೇ ಇಲ್ಲ. ಬನ್ನಿ, ಹತ್ತಿ" ಅಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಕನ್ನಪ್ಪ ಕೈ ಚಾಚಿದ. ಎಳೆದು ಹಾಕಿಕೊಂಡರು. ಬಾಗಿಲನ್ನು ಒಂದು ತುಂಡು ಹಗ್ಗದಿಂದ ಮರಕ್ಕೆ ಕಟ್ಟಿದರು.

ಮುಂದೆ ಮುಳುಗಿದ ಕಾಡು, ದೋಣಿ ಹೋಗುವ ಹಾಗಿರಲಿಲ್ಲ. ಈಗ ಪಡುವಣಕ್ಕೆ, ಗಾಳಿ ಬರುವ ಕಡೆಗೇ, ಕಲ್ಕೊಪ್ಪಕ್ಕೆ ಹಿಂದಿರುಗಬೇಕಿತ್ತು. ಜೋಲು ಹಾಯಿಯಲ್ಲಿ ಅದು ಆಗುವ ಮಾತಲ್ಲ. ಗುತ್ಯಮ್ಮ ಎದ್ದು ಕಂಬದ ಹತ್ತಿರ ಹೋದಳು. ಇಬ್ಬರು ಹೆಂಗಸರೂ ಏರುಹಗ್ಗಕ್ಕೆ ಜೋತುಬಿದ್ದರು. "ಇನ್ನೂ" ಅಂದಳು ಗುತ್ಯಮ್ಮ. ಬಂಗಾರಮ್ಮ ಕಾಲನ್ನು ಕಂಬಕ್ಕೆ ಒತ್ತಿ ಎಳೆದಳು. ಸುಕ್ಕುಗಳು ಒಂದೊಂದಾಗಿ ಮಾಯವಾಗಿ ಕಂಬದ ಗುಂಟ ಸಣ್ಣದೊಂದು ಮಡಿಕೆ ಎದ್ದ ಮೇಲೆ, "ಸಾಕು" ಅಂದಳು. ಆಮೇಲೆ ಮೂಲೆಹಗ್ಗ. ಅದನ್ನು ಹಲ್ಲಿನಲ್ಲೂ ಕಚ್ಚಿ ಎಳೆದು ಬಿದಿರಿನ ತುದಿಗೆ ಸುತ್ತಿದಳು. ಬಟ್ಟೆ ಹಲಗೆಯ ಹಾಗಾಯಿತು. ಕೈಹಗ್ಗ ಒಳಗೆ ಸೆಳೆದಾಗ ಗಾಳಿ ತುಂಬಿ ಕಂಬದ ಹತ್ತಿರದ ಮಡಿಕೆ ಮಾಯವಾಯಿತು. ದೋಣಿ ವಾಲಿತು, ಆದರೆ ಇಷ್ಟೇ ಇಷ್ಟು. ವಾಲಿಕೊಂಡೇ ಮುಂದಕ್ಕೆ ಹೊರಟಿತು.

ನೇರ ಹೋಗಲು ಬರುವುದಿಲ್ಲ. ಓರೆಯಾಗಿ ಆ ಕಡೆಗೆ ಒಂದಷ್ಟು ದೂರ, ತಿರುಗಿಸಿ ಈ ಕಡೆಗೆ ಒಂದಷ್ಟು ದೂರ. ಪ್ರತಿ ತಿರುವಿಗೂ ಬಿದಿರು ತಲೆಯ ಮೇಲೆ ದಾಟುವಾಗ ಮೂವರೂ ಬಗ್ಗುತ್ತಿದ್ದರು. ಕನ್ನಪ್ಪ ನಡುಗುತ್ತ ಮಗ್ಗುಲು ಬದಲಿಸಿ ಕೂರುತ್ತಿದ್ದ. ಕಲ್ಕೊಪ್ಪದ ಗುಡ್ಡ ಹತ್ತಿರ ಬಂದಂತೆಯೇ ಕಾಣಲಿಲ್ಲ. ಗುತ್ಯಮ್ಮನಿಗೆ ಒಂದು ಹೊತ್ತಿನಲ್ಲಿ ಹೆದರಿಕೆಯೂ ಹೋಯಿತು, ಬರೀ ಆಯಾಸ ಉಳಿಯಿತು. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ದಡ ಮುಟ್ಟಿದರು. ಜಟ್ಟಿಂಗಪ್ಪ ಸೊಂಟದ ಮಟ್ಟ ನೀರಿಗಿಳಿದು ಒಂದೇ ಕೈಯಲ್ಲಿ ದೋಣಿ ಹಿಡಿದುಕೊಂಡ.

ಗುಡಿಸಲಲ್ಲಿ ಗಂಜಿ ಕಾದಿತ್ತು. ಗುತ್ಯಮ್ಮನ ಬೆರಳುಗಳು ಹಗ್ಗ ಹಿಡಿದ ಹಾಗೆಯೇ ಮಡಿಚಿಕೊಂಡಿದ್ದವು. ಜಟ್ಟಿಂಗಪ್ಪ ಬಿಸಿನೀರಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿದ. ಕನ್ನಪ್ಪ ಕಂಬಳಿ ಹೊದ್ದು ಒಲೆಯ ಮುಂದಿದ್ದ.

"ಹಗ್ಗ ಸಡ್ಲಾಗಿತ್ತು ಅಣ್ಣ" ಅಂದಳು ಅವಳು. "ನಂಗೆ ಕಾಣ್ತಿತ್ತು. ಎದ್ದು ಬಿಗಿಯಕ್ಕೆ ಮೈ ಬರ್ಲಿಲ್ಲ."

ಕನ್ನಪ್ಪ ಬೆಂಕಿಯನ್ನೇ ನೋಡುತ್ತಿದ್ದ. "ನಂಗೆ ಹೇಳ್ಬೋದಿತ್ತಲ್ಲ. ನಾನು ಸುಮ್ನೇ ಕೂತಿದ್ದೆ."

"ಹೌದು. ಹೇಳ್ಬೋದಿತ್ತು."

ಗಂಜಿ ಉಂಡು ಎಲ್ಲರೂ ಕೂತಲ್ಲೇ ಒರಗಿದರು.

ಗಾಳಿ ಇಳಿದ ಮೇಲೆ ಹೋಗಿ ಬಾಗಿಲನ್ನು ತಂದರು. ನೀರು ಕುಡಿದು ಹಲಗೆ ಸೊಟ್ಟಗಾಗಿತ್ತು. ಹೊಸ ಮನೆಗೆ ಅದನ್ನೇ ನಿಲ್ಲಿಸಿದರು, ಆದರೆ ಅದು ಎಂದೂ ಸರಿಯಾಗಿ ಮುಚ್ಚಲಿಲ್ಲ. ಆ ವರ್ಷ ಮಾಡಿಗೆ ಹೆಂಚಿನ ಬದಲು ಹುಲ್ಲು ಹೊದಿಸಿದರು. ಕನ್ನಪ್ಪ ತಂಗಿಯ ಕಡವಿನ ಕಡೆ ಬರುವುದನ್ನು ಬಿಟ್ಟ. ಸಿಟ್ಟಿಗಲ್ಲ ಎಂದು ಬಂಗಾರಮ್ಮ ಹೇಳಿ ಕಳಿಸಿದಳು, ನೀರು ಕಂಡರೆ ಅವರಿಗೆ ಆಗುವುದಿಲ್ಲ ಅಂತ. ಗುತ್ಯಮ್ಮ ಅದನ್ನು ಪೂರ್ತಿ ನಂಬಲಿಲ್ಲ. ಹಗಲೆಲ್ಲ ಜನರನ್ನು ದಾಟಿಸುವಾಗ ಅವಳಿಗೆ ಅದೇ ಯೋಚನೆ. ಹಾಯಿಯಲ್ಲಿ ಒಂದು ಸುಕ್ಕು ಕಂಡರೂ ಎದ್ದು ಹೋಗುತ್ತಿದ್ದಳು. ಸಡಿಲ ಇರಬೇಕಾದ ಹೊತ್ತಿಗೂ ಬಿಗಿಯುತ್ತಿದ್ದಳು. ದೋಣಿ ನಿಧಾನವಾಗುತ್ತಿತ್ತು, ಜನ ಗೊಣಗುತ್ತಿದ್ದರು.

ಭೂಮಿ ಹುಣ್ಣಿಮೆ ಬಂತು. ಬಸುರಾದ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬ. ಅವರ ಜನ ನಸುಕಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ಪೈರಿನ ಮೇಲೆ ಚರಗ ಎಂದು ಆ ಅಡುಗೆಯನ್ನು ಚೆಲ್ಲುತ್ತಾರೆ. ಗದ್ದೆ ಹೋದ ಮೇಲೆ ಗುತ್ಯಮ್ಮ ಆ ಹಬ್ಬವನ್ನು ಬಿಟ್ಟೇಬಿಟ್ಟಿದ್ದಳು. ಆವತ್ತು ಬೆಳಕು ಹರಿಯುವ ಹೊತ್ತಿಗೆ ದಡದಲ್ಲಿ ಯಾರೋ ಕೂಗಿದ ಹಾಗಾಯಿತು. ಹೊರಗೆ ಬಂದು ನೋಡಿದರೆ ಕನ್ನಪ್ಪನೂ ಬಂಗಾರಮ್ಮನೂ ಬುಟ್ಟಿ ಹಿಡಿದು ನಿಂತಿದ್ದಾರೆ, ಹಿಂದಿನ ಸಂಜೆಯೇ ಹೊರಟು ಸುತ್ತುದಾರಿಯಲ್ಲಿ ನಡೆದು ಬಂದಿದ್ದಾರೆ.

"ನಮ್ಮಪ್ಪನ ಗದ್ದೆ ಎಲ್ಲಿತ್ತು ಅಂತ ನಿಂಗೆ ಗೊತ್ತಾಗ್ತದಾ?" ಎಂದು ಕೇಳಿದ ಕನ್ನಪ್ಪ.

"ಗೊತ್ತಾಗ್ತದೆ."

"ಹಂಗಾದ್ರೆ ಕರ್ಕಂಡ್ ಹೋಗು."

ನಾಲ್ವರೂ ಹೊರಟರು. ಕನ್ನಪ್ಪ ಹತ್ತುವಾಗ ಅಂಚನ್ನು ಗಟ್ಟಿ ಹಿಡಿದುಕೊಂಡ, ಕೂತ ಮೇಲೂ ಬಿಡಲಿಲ್ಲ. ಗಾಳಿ ಇದೆಯೋ ಇಲ್ಲವೋ ಎಂಬಷ್ಟು ಇತ್ತು. ಗುತ್ಯಮ್ಮ ಹಾಯಿ ಏರಿಸಿ, ಅಭ್ಯಾಸದಂತೆ ಹಗ್ಗವನ್ನು ಬಿಗಿಯಲು ಹೋದಳು. ಅಣ್ಣ ನೋಡುತ್ತಿದ್ದ. ದೋಣಿ ನಿಂತೇ ಇತ್ತು. ಅವಳು ಸ್ವಲ್ಪ ಹೊತ್ತು ಕೈಯಲ್ಲಿ ಹಗ್ಗ ಹಿಡಿದುಕೊಂಡು ನಿಂತಳು. ಆಮೇಲೆ ಬಿಟ್ಟಳು, ಏರುಹಗ್ಗವನ್ನೂ, ಮೂಲೆಹಗ್ಗವನ್ನೂ. ಸುಕ್ಕು ಬಿತ್ತು. ಹೊಟ್ಟೆ ಬಂತು. ದೋಣಿ ಸದ್ದಿಲ್ಲದೆ ಹೊರಟಿತು.

ಎಡಗಡೆಯ ಗುಡ್ಡದ ಮೂಗು, ಬಲಗಡೆಯ ಒಂಟಿ ಮತ್ತಿಮರ, ಎರಡನ್ನೂ ನೋಡಿಕೊಂಡು ಅವಳು ಹಾಯಿ ಇಳಿಸಿದ ಜಾಗದಲ್ಲಿ ನೀರು ಬೇರೆ ಕಡೆಯ ಹಾಗೆಯೇ ಇತ್ತು. ಕನ್ನಪ್ಪ ಬುಟ್ಟಿಯಿಂದ ಅನ್ನ, ಕಡಬು, ಸೊಪ್ಪಿನ ಪಲ್ಯ, ಅಂಬಲಿ ತೆಗೆದು ನೀರಿಗೆ ಚೆಲ್ಲಿದ. ಸಣ್ಣ ಮೀನುಗಳು ಬಂದವು. ಉಳಿದದ್ದನ್ನು ನಾಲ್ವರೂ ಅಲ್ಲೇ ದೋಣಿಯಲ್ಲಿ ಹಂಚಿಕೊಂಡು ಉಂಡರು. ಕಡಬಿಗೆ ಉಪ್ಪು ಕಡಿಮೆಯಾಗಿದೆ ಎಂದು ಜಟ್ಟಿಂಗಪ್ಪ ಹೇಳಿದ. ಈಗ ಅಡುಗೆಯ ವಿಷಯದಲ್ಲಿ ಅವನ ನಾಲಿಗೆ ಜೋರಾಗಿತ್ತು. ಕನ್ನಪ್ಪ ಬಹಳ ದಿನದ ಮೇಲೆ ನಕ್ಕ.

ಅದಾಗಿ ಸುಮಾರು ಎರಡು ವರ್ಷಕ್ಕೆ ಮೇಲಿನ ದೊಡ್ಡ ಕಡವಿಗೆ ಲಾಂಚ್ ಬಂತು. ಗಾಳಿ ಇರಲಿ ಬಿಡಲಿ ಡಬಡಬ ಎನ್ನುತ್ತ ದಾಟುವ ಯಂತ್ರದ ದೋಣಿ. ಗುತ್ಯಮ್ಮನ ಕಡವಿಗೆ ಬರುವವರು ಕಡಿಮೆಯಾಗುತ್ತ ಬಂದು ನಿಂತೇಹೋದರು. ಬೇಜಾರಾಯಿತಾ ಎಂದು ಕೇಳಿದವರಿಗೆ, "ಬೇಜಾರು ಎಂತಕ್ಕೆ? ಅದಕ್ಕೆ ಎಣ್ಣೆ ಹಾಕಿದ್ರೆ ಆಯ್ತು" ಅನ್ನುತ್ತಿದ್ದಳು.

ಒಂದು ಸಂತೆಯ ದಿನ ಗಂಡಹೆಂಡತಿ ಲಾಂಚ್ ಹತ್ತಿದರು, ಅಣ್ಣನ ಮನೆಗೆ ಹೋಗುವುದಕ್ಕೆ. ಗುತ್ಯಮ್ಮ ಒಂದು ಅಕ್ಕಿಮೂಟೆಗೆ ಒರಗಿ ಕೂತಳು. ಲಾಂಚ್ ಹೊರಟು ನಡುನೀರು ತಲುಪುವ ಮೊದಲೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಆಚೆ ದಡ ಬಂತು, ಜನ ಇಳಿದರು. ಮೂಟೆಯ ಯಜಮಾನ ಮೂಟೆ ಎತ್ತಲು ಬಂದ. ಜಟ್ಟಿಂಗಪ್ಪ ಎಡಗೈಯಿಂದ ಹೆಂಡತಿಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡ.

"ಏ ಮಾರಾಯ, ಎಬ್ಬಿಸು. ಲಾಂಚು ವಾಪಸ್ ಹೊರಡ್ತದೆ" ಅಂದ ಲಾಂಚಿನವನು.

"ಹೊರಡ್ಲಿ" ಅಂದ ಜಟ್ಟಿಂಗಪ್ಪ. "ಮುಂದಿನ ಸಲ ಇಳಿತೀವಿ."